ಆರು ಸಾಲಿನ ತಿದ್ದುಪಡಿ

ಹದಿನಾಲ್ಕನೆಯ ಸ್ಟೂಲನ್ನು ಒರೆಸುತ್ತಲೇ ಮಗಳು ಮತ್ತೊಮ್ಮೆ ಗೇಟಿನ ಕಡೆ ಕಣ್ಣು ಹಾಯಿಸಿದಳು. ಗುಬ್ಬಿ ಇನ್ನೂ ಬಂದಿರಲಿಲ್ಲ.

ಸ್ಟೂಲುಗಳು ಪಾಲಿಟೆಕ್ನಿಕ್ಕಿನ ಕಂಪ್ಯೂಟರ್ ಲ್ಯಾಬಿನವು. ಮನೆಯಲ್ಲಿರುವುದು ನಾಲ್ಕೇ ಕುರ್ಚಿ, ಬಂದವರು ನಿಂತೇ ಇರಬೇಕಾದೀತು ಎಂದು ಅಲ್ಲಿನ ವಾಚ್‌ಮನ್ ಬೆಳಿಗ್ಗೆಯೇ ವ್ಯಾನಿಗೆ ಹಾಕಿಸಿ ಕಳಿಸಿದ್ದ. ಪ್ರತಿಯೊಂದರ ಹಲಗೆಯ ಅಡಿಯಲ್ಲೂ ಬಿಳಿ ಪೇಂಟಿನ ಒಂದು ಅಂಕಿ. ಅಂಕಿಗಳೆಲ್ಲ ಅಮ್ಮನ ಕೈಬರಹ. ಮೂವತ್ತೊಂದು ವರ್ಷ ಅವಳು ಆ ಲ್ಯಾಬಿನ ಅಟೆಂಡರ್ ಆಗಿದ್ದಳು: ಬೀಗ ತೆಗೆಯುವುದು, ಗುಡಿಸುವುದು, ಮೌಸುಗಳನ್ನು ಎಣಿಸಿ ಕೊಟ್ಟು ಎಣಿಸಿ ವಾಪಸು ತೆಗೆದುಕೊಳ್ಳುವುದು. ಈಗ ನಡುಮನೆಯಲ್ಲಿ ಬಿಳಿ ಹೊದಿಕೆಯ ಕೆಳಗೆ ಮಲಗಿದ್ದಳು. ಮೂರು ಗಂಟೆಗೆ ವಾಹನ ಬರಬೇಕಿತ್ತು.

“ಯಾರ ದಾರಿ ಕಾಯ್ತಿದೀಯೇ ಪುಟ್ಟೀ? ಹತ್ತು ಸಲ ಗೇಟ್ ನೋಡಿದ್ದಾಯ್ತು,” ಎಂದಳು ಚಿಕ್ಕಮ್ಮ, ಅಮ್ಮನ ತಂಗಿ. ಅಳುವಿನ ನಡುವೆಯೂ ಅವಳ ಕಣ್ಣಿಗೆ ಏನೂ ತಪ್ಪುತ್ತಿರಲಿಲ್ಲ.

“ಅಮ್ಮನ ಕಡೆಯವರು ಒಬ್ರು ಬರ್ಬೇಕು.”

“ಅಮ್ಮನ ಕಡೆ ಅಂದ್ರೆ ನಾನೇ ಅಲ್ವಾ? ನಂಗೊತ್ತಿಲ್ದೆ ಇನ್ಯಾರು? ಹುಡುಗಾನಾ?”

“ಹುಡುಗಿ, ಚಿಕ್ಕಮ್ಮ.”

“ಓ, ಹುಡುಗಿ,” ಎಂದ ಚಿಕ್ಕಮ್ಮನ ದನಿ ಇಳಿಯಿತು. ಇಂಥ ದಿನದಲ್ಲೂ ಒಂದು ಒಳ್ಳೆಯ ಸುದ್ದಿ ಸಿಗಬಹುದೆಂದು ಅವಳಿಗೆ ಕ್ಷಣಕಾಲ ಆಸೆಯಾಗಿತ್ತು.

ಬರುತ್ತಿದ್ದವರು ಹೆಚ್ಚಿನವರೆಲ್ಲ ಅಮ್ಮನ ಲ್ಯಾಬಿನಲ್ಲಿ ಓದಿದವರು. ಹೊಟ್ಟೆ ಬಂದಿದ್ದ, ಕೂದಲು ಹೋಗಿದ್ದ ಗಂಡಸರು. ಕೈಚೀಲ ಎದೆಗವುಚಿಕೊಂಡ ಹೆಂಗಸರು. ಒಬ್ಬೊಬ್ಬರೂ ಮಗಳ ಕೈ ಹಿಡಿದುಕೊಂಡರು.

“ನನ್ನನ್ನ ಮಗನ ಥರ ನೋಡ್ಕೊಂಡ್ರು ಕಣಮ್ಮ.”

“ನಂಗಂತೂ ಹೆತ್ತವಳಿಗಿಂತ ಹೆಚ್ಚು.”

“ಆ ಲ್ಯಾಬಲ್ಲಿ ಅವರಿಗೆ ನಾನಂದ್ರೆ ಒಂದು ಕೈ ಮೇಲೆ. ಯಾರನ್ನ ಬೇಕಾದ್ರೂ ಕೇಳಿ.”

ಮಗಳು ಎಲ್ಲದಕ್ಕೂ ತಲೆಯಾಡಿಸಿದಳು. ಹತ್ತರಿಂದ ಹನ್ನೊಂದೂವರೆಯೊಳಗೆ ಅಮ್ಮನಿಗೆ ಏಳು ಮಕ್ಕಳಾಗಿದ್ದವು.

ಒಂಬತ್ತನೆಯ ಸ್ಟೂಲಿನಲ್ಲಿ ಕೂತಿದ್ದ ನಿವೃತ್ತ ಮೇಷ್ಟ್ರು ಕರವಸ್ತ್ರ ಮಡಚುತ್ತ ಹೇಳಿದರು: “ಪಾಠ ಮಾಡೋಕೆ ನಾನು. ಎರರ್ ಬಂದ್ರೆ ಮಾತ್ರ ಒಬ್ಬನೂ ನನ್ನ ಹತ್ರ ಬರ್ತಿರ್ಲಿಲ್ಲ, ‘ಅಕ್ಕಾ’ ಅಂತ ಅವಳ ಹಿಂದೆ ಓಡೋರು. ಹೊಟ್ಟೆ ಉರೀತಿತ್ತು ನಂಗೆ. ಇವತ್ತು ಹೇಳ್ಬಹುದು, ಉರೀತಿತ್ತು.”

“ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗಾಯ್ತು ನೋಡಿ. ನಮ್ಮಕ್ಕನ ಬೆಲೆ ನಮಗೇ ಗೊತ್ತಾಗ್ಲಿಲ್ಲ,” ಎಂದು ಚಿಕ್ಕಮ್ಮ ಮತ್ತೆ ಸೆರಗಿಗೆ ಕೈ ಹಾಕಿದಳು.

ಮಗಳಿಗೆ ಆ ಗಾದೆ ಇಲ್ಲಿಗೆ ಹೊಂದುವುದಿಲ್ಲ ಅನಿಸಿತು. ಮದ್ದು ಅಂತ ಮನೆಯವರಿಗೂ ಗೊತ್ತಿತ್ತು. ಎಲೆ ಚಿಗುರುವ ಮೊದಲೇ ಬೀದಿಯವರು ಬಂದು ಕಿತ್ತುಕೊಂಡು ಹೋಗುತ್ತಿದ್ದರು.

*

ಶಾಲೆ ಬಿಟ್ಟ ಮೇಲೆ ಅವಳು ಲ್ಯಾಬಿನ ಕೊನೆಯ ಸ್ಟೂಲಿನಲ್ಲಿ, ಇಪ್ಪತ್ತನಾಲ್ಕನೆಯದರಲ್ಲಿ, ಕಾಯುತ್ತಿದ್ದಳು. ಲ್ಯಾಬ್ ಮುಗಿಯುವುದು ಐದಕ್ಕೆ. ಐದಕ್ಕೆ ಸರಿಯಾಗಿ ಯಾವನಾದರೂ “ಅಕ್ಕಾ, ಎರರ್!” ಎಂದು ಕೂಗುತ್ತಿದ್ದ.

“ಇರು ಮರೀ, ಇವಂದೊಂದು ನೋಡಿಬಿಡ್ತೀನಿ.”

ಆ ಒಂದು ಆರೂವರೆಯವರೆಗೆ ಹೋಗುತ್ತಿತ್ತು. ಅಮ್ಮ ಹುಡುಗರ ಬೆನ್ನ ಹಿಂದೆ ನಿಂತು ತನ್ನ ಎರಡು ಕೈಗಳನ್ನೂ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದಳು. ಯಾರ ಕೀಬೋರ್ಡನ್ನೂ ಮುಟ್ಟಿದವಳಲ್ಲ. “ನಾನು ಕೈ ಹಾಕಿದ್ರೆ ಅದು ನಂದಾಗಿಬಿಡುತ್ತೆ,” ಅನ್ನುತ್ತಿದ್ದಳು. ಪರದೆಯ ಕಡೆ ಗದ್ದ ತೋರಿಸಿ, “ಏನು ಹೇಳ್ತಿದೆ? ಓದು,” ಅಷ್ಟೇ. ಹುಡುಗ ಓದುತ್ತಿದ್ದ. ಮೂರನೆಯ ಸಲ ಓದುವಾಗ ಅವನಿಗೇ ತಪ್ಪು ಕಾಣುತ್ತಿತ್ತು. ಕಸದ ಬುಟ್ಟಿಗೆ ಹೋದ ಎರರ್ ಹಾಳೆಗಳನ್ನು ಮನೆಗೆ ತಂದು ಓದಿ ಓದಿ ಅಮ್ಮ ಕಲಿತದ್ದು ಇಷ್ಟೂ.

ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ಹಾಗೆ ಮಾಡಿಕೊಡುವ ಪ್ರೋಗ್ರಾಮಿಗೆ ಕಂಪೈಲರ್ ಅನ್ನುತ್ತಾರೆ. ಬರೆದದ್ದರಲ್ಲಿ ತಪ್ಪಿದ್ದರೆ ಅದು ಇಂಥ ಸಾಲಿನಲ್ಲಿ ಎಂದು ದೂರುತ್ತದೆ. ಅದು ದೂರುವ ರೀತಿ ಅಮ್ಮನಿಗೆ ಸೇರುತ್ತಿರಲಿಲ್ಲ. “ತಪ್ಪು ಅಂತ ಯಾರು ಬೇಕಾದ್ರೂ ಹೇಳ್ತಾರೆ. ಎಲ್ಲಿಂದ ಶುರುವಾಯ್ತು ಅಂತ ಹೇಳೋಕೆ ಇದಕ್ಕೇನು ದಾಡಿ?” ನಿವೃತ್ತಿಗೆ ನಾಲ್ಕು ವರ್ಷ ಇರುವಾಗ ಒಂದು ಕಂಪೈಲರಿನವರಿಗೆ ಹಾಗೆಂದು ಪತ್ರ ಬರೆದಳು. ಅದು ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ, ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದಾದ ಕಂಪೈಲರ್. ಬೇಕಾದರೆ ನೀವೇ ಸರಿಮಾಡಿ ಕಳಿಸಿ ಎಂದು ಉತ್ತರ ಬಂತು. ಕಳಿಸಿದಳು. ಕೆಲವು ವರ್ಷಗಳಲ್ಲಿ ಬೇರೆಯವರು ಕಳಿಸುವ ತಿದ್ದುಪಡಿಗಳನ್ನು ನೋಡಿ, ಟಿಪ್ಪಣಿ ಹಾಕಿ, ಒಪ್ಪಿಗೆ ಕೊಡುವವರಲ್ಲಿ ಅವಳೂ ಒಬ್ಬಳಾದಳು. ಸಂಬಳವಿಲ್ಲ, ಸಾರಿಗೆಯಿಲ್ಲ. ಅಲ್ಲಿ ಅವಳ ಹೆಸರು ಕೀಲಿ. ಮೂವತ್ತೊಂದು ವರ್ಷ ಸೊಂಟದಲ್ಲಿ ಲ್ಯಾಬಿನ ಕೀಲಿ ಇತ್ತಲ್ಲ.

ನಿವೃತ್ತಿಯಾದ ಮೇಲಾದರೂ ಅಮ್ಮ ತನಗೆ ಸಿಗುತ್ತಾಳೆ ಎಂದು ಮಗಳು ಅಂದುಕೊಂಡಿದ್ದಳು. ಲ್ಯಾಬೇ ಮನೆಗೆ ಬಂತು. ಅದರ ಜೊತೆಗೆ ಗುಬ್ಬಿಯೂ ಬಂದಳು.

“ನಮ್ಮ ಗುಬ್ಬಿ ಇವತ್ತು ಎಂಥದ್ದು ಬರೆದಿದೆ ಗೊತ್ತಾ!” ಅಮ್ಮ ಊಟದ ತಟ್ಟೆಯ ಮುಂದೆ ಒಬ್ಬಳೇ ನಗುತ್ತಿದ್ದಳು.

“ಯಾರಮ್ಮ ಅದು?”

“ಯಾರೋಪ್ಪ. ಮುಖ ನೋಡಿಲ್ಲ. ತಲೆ ಮಾತ್ರ ಗಡಿಯಾರ ಇದ್ದ ಹಾಗಿದೆ. ಒಂದು ಕಡೆ ಬೆರಳು ಇಡೋ ಹಾಗಿಲ್ಲ.”

ಮಗಳು ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜುವ ಕೆಲಸ ಮಾಡುತ್ತಿದ್ದಳು. ಹಾಗಾಗಿ ಗುಬ್ಬಿಯನ್ನು ಕಲ್ಪಿಸಿಕೊಳ್ಳುವಾಗ ಮೊದಲು ಕಂಡದ್ದು ಕನ್ನಡಕ: ಅಂಚಿಲ್ಲದ್ದು, ಮೈನಸ್ ಎರಡೂವರೆ. ಆಮೇಲೆ ಸಣ್ಣ ಮಣಿಕಟ್ಟು, ಉದ್ದ ಕತ್ತು, ಕೇಳದೆಯೇ ಬರುವ ನಗು. ನಾಲ್ಕು ವರ್ಷ ಅವಳು ಆ ಹುಡುಗಿಯನ್ನು ಮನಸಾರೆ ದ್ವೇಷಿಸಿಕೊಂಡು ಬಂದಿದ್ದಳು.

ಅಮ್ಮ ಬಿದ್ದು ಆಸ್ಪತ್ರೆ ಸೇರಿದ ಮೂರನೆಯ ದಿನ ಕಂಪೈಲರಿನ ಪುಟದಲ್ಲಿ ಗುಬ್ಬಿ ಕೇಳಿದ್ದಳು: “ಕೀಲಿಯವರೇ, ಎಲ್ಲಿ ಕಳೆದುಹೋದಿರಿ?” ಮಗಳು ಅಮ್ಮನ ಕಂಪ್ಯೂಟರಿನಿಂದಲೇ ಉತ್ತರ ಬರೆದಳು. ನಾನು ಅವರ ಮಗಳು. ಅಮ್ಮ ಇಂದು ಮಧ್ಯಾಹ್ನ ತೀರಿಕೊಂಡರು. ನಾಳೆ ಮೂರು ಗಂಟೆಗೆ. ಕೆಳಗೆ ಮನೆಯ ವಿಳಾಸ. ವಿಳಾಸ ಹಾಕುವ ಅಗತ್ಯವೇನೂ ಇರಲಿಲ್ಲ. ಗುಬ್ಬಿ ಬರಲಿ, ನಡುಮನೆಯಲ್ಲಿ ಅಮ್ಮನ ತಲೆಯ ಹತ್ತಿರ ಯಾರು ಕೂತಿದ್ದಾರೆ ಎಂದು ಒಮ್ಮೆ ನೋಡಲಿ ಅನಿಸಿತ್ತು.

*

ಎರಡು ಗಂಟೆಯ ಹೊತ್ತಿಗೆ ಗೇಟಿನಲ್ಲಿ ಒಬ್ಬ ಭಾರೀ ಎತ್ತರದ ಮನುಷ್ಯ ಬಂದು ನಿಂತ. ಐವತ್ತರ ಮೇಲಿನ ವಯಸ್ಸು. ಬೋಳುತಲೆ, ಬಾಗಿಲಗಲದ ಭುಜ, ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ಗ್ರೀಸು. ಕನ್ನಡಕದ ಎಡಗಾಜಿನಲ್ಲಿ ಉದ್ದಕ್ಕೊಂದು ಗೀರು.

“ಇದು... ಕೀಲಿಯವರ ಮನೆನಾ?”

ಮಗಳ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. ಆ ಹೆಸರು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ನೀವು?”

“ನಾನು ಲಿಫ್ಟ್ ಮೆಕ್ಯಾನಿಕ್ ಅಮ್ಮ. ಏಳು ಗಂಟೆ ಬಸ್ಸಲ್ಲಿ ಕೂತು ಬಂದೆ. ಅಲ್ಲಿ ನನ್ನನ್ನ...” ಅವನು ಸುತ್ತ ನೋಡಿ ದನಿ ತಗ್ಗಿಸಿದ. “ಗುಬ್ಬಿ ಅಂತಾರೆ.”

ಹಿಂದೆ ನಿಂತಿದ್ದ ಚಿಕ್ಕಮ್ಮ ಅವನನ್ನು ಕಾಲಿನಿಂದ ತಲೆಯವರೆಗೆ ಅಳೆದಳು. “ಇದೇನೇ, ಹುಡುಗಿ ಅಂದಿದ್ದೆ?” ಎಂದು ಮಗಳ ಕಿವಿಯಲ್ಲಿ ಉಸುರಿದಳು.

ಅವನು ಒಳಗೆ ಹೋಗಿ ಅಮ್ಮನ ಮುಖವನ್ನು ಬಹಳ ಹೊತ್ತು ನೋಡಿದ. ಹೊರಗೆ ಬಂದು ಸ್ಟೂಲಿನ ಮೇಲೆ ಕೂತಾಗ ಸ್ಟೂಲು ಕಾಣಿಸದಾಯಿತು.

“ಅಕ್ಕ ಅನ್ನೋಕೆ ಮುಂಚೆ ಎರಡು ವರ್ಷ ಅವರನ್ನ ಸರ್ ಸರ್ ಅಂತ ಕರೀತಿದ್ದೆ,” ಎಂದ. “ಒಂದ್ಸಲಾನೂ ತಿದ್ದಲಿಲ್ಲ. ಬೇರೆ ಎಲ್ಲಾ ತಿದ್ದೋರು.”

ಮಗಳಿಗೆ ನಗು ಬಂತು. ನಕ್ಕದ್ದಕ್ಕೆ ಅವನ ಮೇಲೆಯೇ ಸಿಟ್ಟೂ ಬಂತು. ನಾಲ್ಕು ವರ್ಷ ಜತನದಿಂದ ಸಾಕಿದ ಮೈನಸ್ ಎರಡೂವರೆಯ ಹುಡುಗಿಯನ್ನು ಈ ಮನುಷ್ಯ ಬಂದು ಒಂದೇ ನಿಮಿಷದಲ್ಲಿ ಇಲ್ಲವಾಗಿಸಿದ್ದ. ಹೊಟ್ಟೆಕಿಚ್ಚು ಮಾತ್ರ ಇದ್ದಲ್ಲೇ ಇತ್ತು. ಅದಕ್ಕೀಗ ನೆಟ್ಟಗೆ ಒಂದು ಮುಖವೂ ಇಲ್ಲ.

“ಅಲ್ಲಿಂದ ಇನ್ಯಾರಾದ್ರೂ ಬಂದಿದಾರಾ?” ಅವನು ಅತ್ತಿತ್ತ ನೋಡಿದ. “ಕಡ್ಡಿ ಅಂತ ಒಬ್ಬ ಇದ್ದಾನೆ. ಬರ್ತಾನೇನೋ ಅಂದ್ಕೊಂಡೆ.”

*

ಕಡ್ಡಿ ಹುಟ್ಟಿದ್ದು ಮಗಳ ಕೋಣೆಯಲ್ಲಿ, ಅಮ್ಮ ಬೇಡವೆಂದು ಬಿಟ್ಟಿದ್ದ ಹಳೆಯ ಲ್ಯಾಪ್‌ಟಾಪಿನಲ್ಲಿ.

ಆ ದಿನ ಅಂಗಡಿಯಲ್ಲಿ ಅವಳು ಒಂದು ಕಷ್ಟದ ಕನ್ನಡಕ ಮುಗಿಸಿದ್ದಳು. ಪುಟ್ಟ ಮಗುವೊಂದಕ್ಕೆ, ಪವರ್ ಒಂದು ಕಣ್ಣಿಗೆ ಒಂದು, ಇನ್ನೊಂದಕ್ಕೆ ಒಂಬತ್ತು. ಎರಡು ಗಾಜೂ ಹೊರಗಿನಿಂದ ಒಂದೇ ದಪ್ಪ ಕಾಣುವ ಹಾಗೆ ಉಜ್ಜಿದ್ದಳು. ಯಜಮಾನರು ಅದನ್ನು ಬೆಳಕಿಗೆ ಹಿಡಿದು, ಏನೂ ಹೇಳದೆ, ಉಳಿದ ಕೆಲಸದವರನ್ನೆಲ್ಲ ಕರೆದು ತೋರಿಸಿದ್ದರು. ಆ ಸುದ್ದಿಯನ್ನು ಬಾಯಲ್ಲಿಟ್ಟುಕೊಂಡು ಮನೆಗೆ ಓಡಿ ಬಂದಿದ್ದಳು.

“ಅಮ್ಮಾ, ಇವತ್ತು...”

“ಇರು ಮರೀ, ಗುಬ್ಬೀದೊಂದು ನೋಡಿಬಿಡ್ತೀನಿ.”

ಅವಳು ಕಾಯಲಿಲ್ಲ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಮ್ಮನಿಗೆ ಕೇಳುವುದು ಅಪರಿಚಿತರ ಮಾತು ಮಾತ್ರವೆಂದರೆ ಅಪರಿಚಿತಳೇ ಆಗೋಣ ಅಂದುಕೊಂಡಳು. “ಕಡ್ಡೀನ ಗುಡ್ಡ ಮಾಡ್ತೀಯ ನೀನು” ಎಂದು ಅಮ್ಮ ಚಿಕ್ಕಂದಿನಿಂದ ಅವಳನ್ನು ಬೈಯುತ್ತಿದ್ದುದರಿಂದ ಹೆಸರಿಗಾಗಿ ಬಹಳ ಹುಡುಕಬೇಕಾಗಲಿಲ್ಲ.

ಲ್ಯಾಬಿನ ಸ್ಟೂಲಿನಲ್ಲಿ ಕಾಯುತ್ತ ಕಿವಿಗೆ ಬಿದ್ದದ್ದಷ್ಟೇ ಅವಳ ವಿದ್ಯೆ. ಆರು ಸಾಲಿಗೆ ಆರು ವಾರ ಹಿಡಿಯಿತು. ಪ್ರೋಗ್ರಾಮಿನಲ್ಲಿ ಒಂದು ಬ್ರಾಕೆಟ್ ತೆರೆದು ಮುಚ್ಚಲು ಮರೆತರೆ ಕಂಪೈಲರ್ ಸುಮ್ಮನೆ ಕೊನೆಯವರೆಗೆ ಓದಿಕೊಂಡು ಹೋಗಿ, ತಪ್ಪು ಕೊನೆಯ ಸಾಲಿನಲ್ಲಿದೆ ಅನ್ನುತ್ತಿತ್ತು. ಅವಳ ತಿದ್ದುಪಡಿ ಇಷ್ಟೇ: ಕೊನೆಯ ಸಾಲಿನ ಜೊತೆಗೆ, ಆ ಬ್ರಾಕೆಟ್ ತೆರೆದದ್ದು ಎಲ್ಲಿ ಎಂಬುದನ್ನೂ ತೋರಿಸಬೇಕು.

ಕಳಿಸಿದ ಸಂಜೆ ಗೋಡೆಯಾಚೆಯಿಂದ ಅಮ್ಮನ ಕೀಬೋರ್ಡಿನ ಸದ್ದು ಕೇಳಿಸಿತು. ಸದ್ದು ನಿಂತಿತು. ಇಲ್ಲಿ ಪರದೆಯ ಮೇಲೆ ಅಕ್ಷರ ಮೂಡಿತು.

“ಸ್ವಾಗತ. ಇದು ನಿಮಗೆ ಯಾವ ತೊಂದರೆಯಿಂದ ಹೊಳೆಯಿತು?”

ಮಗಳು ಅದನ್ನು ಎಷ್ಟೋ ಸಲ ಓದಿಕೊಂಡಳು. ಅಮ್ಮ ಅವಳನ್ನು ಹೀಗೆ ಏನನ್ನಾದರೂ ಕೇಳಿ ವರ್ಷಗಳಾಗಿದ್ದವು. “ಬಹಳ ಹೊತ್ತು ಕೊನೆಯ ಸಾಲನ್ನೇ ನೋಡುತ್ತ ಕೂತಿದ್ದೆ. ತಪ್ಪು ಅಲ್ಲಿರಲಿಲ್ಲ,” ಎಂದು ಬರೆದಳು.

ಗೋಡೆಯಾಚೆ ಸದ್ದು. “ಗೊತ್ತು. ನಾನೂ ಕೂತಿದ್ದೇನೆ.”

ಹಾಗೆ ಐದು ತಿಂಗಳು. ಈ ಹೆಸರು ಯಾಕೆ, ಈ ಸಾಲು ಅದಕ್ಕಿಂತ ಮುಂಚೆ ಯಾಕೆ ಬಂತು, ಎರಡು ಬ್ರಾಕೆಟ್ ತೆರೆದಿದ್ದರೆ ಯಾವುದನ್ನು ತೋರಿಸುತ್ತೀರಿ, ಯಾಕೆ. ಒಮ್ಮೆ ಏಳೂವರೆಗೆ ಟಿಪ್ಪಣಿ ಬಂತು: “ಹೊತ್ತಾಯಿತು. ಊಟ ಮಾಡಿ ಬನ್ನಿ, ಆಮೇಲೆ ನೋಡೋಣ.” ಅದರ ಹಿಂದೆಯೇ ಅಡುಗೆಮನೆಯಿಂದ, “ಮರೀ, ಊಟಕ್ಕೆ ಬಾ!” ಅಂದರೆ ಊಟಕ್ಕೆ ಕರೆಯುವುದೂ ಊರವರಿಗೆಲ್ಲ ಉಂಟು ಎಂದು ಮಗಳು ಮುಖ ಊದಿಸಿಕೊಂಡೇ ಉಂಡಳು.

“ಹೊಸಬರು ಒಬ್ರು ಬಂದಿದಾರೆ. ಕಡ್ಡಿ ಅಂತೆ,” ಎಂದಳು ಅಮ್ಮ, ನೀರು ಬಗ್ಗಿಸುತ್ತ.

“ಹೇಗೆ?”

“ಅವಸರ ಜಾಸ್ತಿ. ಆದ್ರೆ ಕಣ್ಣಿದೆ. ಅಂಥ ಕಣ್ಣು ಎಲ್ಲರಿಗೂ ಇರಲ್ಲ.”

ಮಗಳು ಬೇಡದಿದ್ದರೂ ಮತ್ತೊಂದು ಸೌಟು ಅನ್ನ ಹಾಕಿಸಿಕೊಂಡಳು. ಸಂತೋಷಕ್ಕೆ ಅಂದುಕೊಂಡಳು. ತಟ್ಟೆ ತೊಳೆಯುವಾಗ ನೋಡಿದರೆ ಅದು ಸಂತೋಷವಲ್ಲ. ಅವಳ ಕಣ್ಣಿನ ಬಗ್ಗೆ ಅಮ್ಮ ಯಾವತ್ತು ಯಾರ ಮುಂದೆ ಹೀಗೆ ಹೇಳಿದ್ದಳು? ಅವಳು ಕಡ್ಡಿಯನ್ನು, ಬೇರೆ ಯಾರನ್ನೋ ಎಂಬ ಹಾಗೆ, ಬಾಯಿತುಂಬ ಬೈದುಕೊಂಡಳು.

ಆದರೂ ಕಾದಳು. ಗುಬ್ಬಿಗೆ ದಿನಬೆಳಗಾದರೆ ಸಿಗುವ ಆ ಮಾತು, ‘ಸರಿ, ಒಳಗೆ ಹೋಗಲಿ,’ ಅದು ಕಡ್ಡಿಗೂ ಒಮ್ಮೆ ಸಿಕ್ಕಬೇಕು. ಮಗಳೆಂದು ಗೊತ್ತಿಲ್ಲದ ಅಮ್ಮ ಅದನ್ನು ಹೇಳಬೇಕು. ಆ ದಿನ ಲ್ಯಾಪ್‌ಟಾಪನ್ನು ಎತ್ತಿಕೊಂಡು ಹೋಗಿ ಅಮ್ಮನ ಮಡಿಲಲ್ಲಿಟ್ಟು ಹೇಳುವುದು: ಅಮ್ಮಾ, ಇದು ನಾನೇ.

ಸೋಮವಾರ ಅಮ್ಮನ ಕೊನೆಯ ಟಿಪ್ಪಣಿ ಬಂತು. “ಒಂದು ಪರೀಕ್ಷೆ ಬಾಕಿ. ಬ್ರಾಕೆಟ್ ಮೊಟ್ಟಮೊದಲ ಸಾಲಿನಲ್ಲೇ ತೆರೆದಿದ್ದರೆ?” ಅದೇ ಸಂಜೆ ಗುಬ್ಬಿಯ ನಲವತ್ತು ಸಾಲು ಇಪ್ಪತ್ತೇ ನಿಮಿಷದಲ್ಲಿ ಒಳಗೆ ಹೋಯಿತು. ಮಗಳು ಲ್ಯಾಪ್‌ಟಾಪನ್ನು ಟಪ್ಪೆಂದು ಮುಚ್ಚಿದಳು. ಊಟಕ್ಕೆ ಕೂತಾಗ ಅಮ್ಮನ ಜೊತೆ ಮಾತಾಡಲಿಲ್ಲ. ಮಂಗಳವಾರ ಬೆಳಿಗ್ಗೆ ಅಮ್ಮ ಬಚ್ಚಲಿನ ಬಾಗಿಲಲ್ಲಿ ಬಿದ್ದಳು.

*

“ಕಡ್ಡಿ ಬಂದಿಲ್ಲ,” ಎಂದಳು ಮಗಳು. “ಅವರನ್ನ ಯಾಕೆ ಕೇಳಿದ್ರಿ?”

“ಒಂದ್ಸಲ ಮುಖ ನೋಡ್ಬೇಕಿತ್ತು. ಹೊಟ್ಟೆ ಉರಿಸಿಬಿಟ್ಟಿದಾನಮ್ಮ ನಂಗೆ.”

“ನಿಮಗಾ?”

“ಮತ್ತೆ? ನಾಲ್ಕು ವರ್ಷದಿಂದ ಕೆಲಸ ಮಾಡ್ತಿದೀನಿ. ಏನು ಕಳಿಸಿದ್ರೂ ‘ಸರಿ, ಒಳಗೆ ಹೋಗಲಿ.’ ಮುಗೀತು. ಬಾಗಿಲು ತೆಗೆದು ಒಳಗೆ ಬಿಟ್ಟು ಹಾಗೇ ತಿರುಗಿ ನೋಡ್ದೆ ಹೋದ ಹಾಗೆ. ನಾನು ಬೇಕಂತಲೇ ಒಂದೆರಡು ಕಡೆ ತಪ್ಪು ಬಿಟ್ಟು ಕಳಿಸಿದ್ದೂ ಉಂಟು, ಏನಾದ್ರೂ ಕೇಳಲಿ ಅಂತ. ಅವರು ‘ಸರಿಮಾಡಿ’ ಅಂತ ಅಷ್ಟೇ ಗುರುತು ಹಾಕ್ಬಿಟ್ರು. ಅವನಿಗೆ ನೋಡಿ, ಆರು ಸಾಲಿಗೆ ಮೂವತ್ತೊಂದು ಟಿಪ್ಪಣಿ! ಇದ್ಯಾಕೆ, ಅದ್ಯಾಕೆ, ಹೇಗೆ ಹೊಳೀತು. ನಂಗೆ ಯಾವತ್ತೂ ಯಾಕೆ ಅಂತಾನೇ ಕೇಳ್ಲಿಲ್ಲ.”

“ಮೂವತ್ತೆರಡು,” ಎಂದಳು ಮಗಳು.

ಅವನು ಅದನ್ನು ಗಮನಿಸಿದಂತೆ ಕಾಣಲಿಲ್ಲ. “ಅದರಲ್ಲೂ ಒಂದು ತಮಾಷೆ ಇತ್ತು. ಪ್ರತಿ ತಿದ್ದುಪಡಿಯಲ್ಲೂ ಎರಡು ಹೆಸರು ಕೂತಿರುತ್ತೆ, ಗೊತ್ತಾ? ಬರೆದವರು ಅಂತ ಒಂದು, ಸೇರಿಸಿದವರು ಅಂತ ಒಂದು. ಮೇಲ್ಗಡೆ ಕಾಣೋದು ಒಂದೇ. ಬಿಡಿಸಿ ನೋಡಿದ್ರೆ ಎರಡನೇದು. ಅದನ್ನ ನಾವು ಹಾಕೋದಲ್ಲ, ಮೆಷಿನ್ನಿನಲ್ಲಿ ಮೊದಲೇ ಯಾರ ಹೆಸರಿದೆಯೋ ಅದೇ ಬರುತ್ತೆ. ಕಡ್ಡೀದು ಬಿಡಿಸಿ ನೋಡ್ತೀನಿ, ಬರೆದವರು ಕಡ್ಡಿ, ಸೇರಿಸಿದವರು ಕೀಲಿ!”

ಮಗಳು ಸ್ಟೂಲಿನ ಅಂಚನ್ನು ಹಿಡಿದುಕೊಂಡಳು. ತಾನೇ ಬರೆದದ್ದನ್ನು ಬಿಡಿಸಿ ನೋಡಬೇಕೆಂದು ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಲ್ಯಾಪ್‌ಟಾಪು ಅಮ್ಮನದು. ಅದರೊಳಗಿನ ಹೆಸರೂ ಅಮ್ಮನದೇ.

“ಮೊದಲನೇ ದಿನಾನೇ ನಾನು ಗುಟ್ಟಾಗಿ ಕೇಳ್ದೆ. ಏನಕ್ಕಾ, ನೀವೇ ಬರೆದು ನೀವೇ ತಿದ್ದಿಕೊಳ್ತಿದೀರಾ ಅಂತ.”

“ಏನಂದ್ರು?”

“‘ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡೀತಿದೆ. ಕುಡೀಲಿ. ನೀನು ಸದ್ದು ಮಾಡ್ಬೇಡ’ ಅಂದ್ರು.”

ಐದು ತಿಂಗಳು. ಮೊದಲ ದಿನದಿಂದಲೇ. ಊಟಕ್ಕೆ ಕರೆದದ್ದು, ಕಣ್ಣಿದೆ ಅಂದದ್ದು, ನೀರು ಬಗ್ಗಿಸುತ್ತ ಅವಳ ಮುಖವನ್ನೇ ನೋಡಿಕೊಂಡು ಹೇಳಿದ್ದು. ಮಗಳು ಒಂದೊಂದನ್ನೂ ಮತ್ತೆ ಮೊದಲಿನಿಂದ ನೆನೆದುಕೊಂಡಳು. ಅದರ ಹಿಂದೆಯೇ, ಹಳೆಯ ದಾರಿಯಲ್ಲೇ, ಆ ಉರಿಯೂ ಬಂತು: ಇದನ್ನೂ ಗುಬ್ಬಿಗೇ ಹೇಳಿದಳಲ್ಲ.

“ಯಾರು ಅಂತ ಹೇಳಿದ್ರಾ ನಿಮಗೆ?”

“ಅದೊಂದು ಹೇಳ್ಲಿಲ್ಲ. ನಾನೂ ಬಿಡ್ಲಿಲ್ಲ. ಭಾನುವಾರ ಕೇಳ್ದೆ. ಆರು ಸಾಲಕ್ಕಾ, ಚೆನ್ನಾಗೇ ಇದೆ, ಬಿಟ್ಬಿಡಿ ಒಳಗೆ ಅಂದೆ. ‘ಒಳಗೆ ಬಿಟ್ರೆ ನಾಳೆ ಏನು ಮಾತಾಡ್ಲೋ?’ ಅಂದ್ರು.”

ಬೀದಿಯಲ್ಲಿ ವಾಹನದ ಹಾರ್ನ್ ಕೇಳಿಸಿತು. ಎಲ್ಲರೂ ಎದ್ದರು. ಸ್ಟೂಲುಗಳು ಒಂದಕ್ಕೊಂದು ತಾಗಿ ಸದ್ದಾದವು. ಏಳುತ್ತಿದ್ದ ಲಿಫ್ಟ್ ಮೆಕ್ಯಾನಿಕ್ ಅರ್ಧಕ್ಕೆ ನಿಂತು ಮಗಳನ್ನು ನೋಡಿದ.

“ಮೂವತ್ತೆರಡು ಅಂದ್ರಿ,” ಎಂದ.

ಅವಳು ಸ್ಟೂಲನ್ನು ಗೋಡೆಗೆ ಸರಿಸಿದಳು. ಅವನು ಕನ್ನಡಕ ತೆಗೆದು, ಗೀರಿದ್ದ ಗಾಜನ್ನು ಅಂಗಿಗೆ ಒರೆಸಿ, ಮತ್ತೆ ಹಾಕಿಕೊಂಡ.

*

ಎಲ್ಲ ಮುಗಿಸಿ ಬಂದಾಗ ನಾಲ್ಕೂವರೆ. ಚಿಕ್ಕಮ್ಮ ಒದ್ದೆ ಕೂದಲಲ್ಲೇ ಒರಗಿದಳು. “ಎಷ್ಟು ಜನ ಬಂದಿದ್ರು ನೋಡ್ದಾ ಪುಟ್ಟೀ? ನಾನು ಸತ್ರೆ ಆ ಸ್ಟೂಲೆಲ್ಲ ಬೇಕಾಗಲ್ಲ, ನಾಲ್ಕು ಕುರ್ಚಿ ಧಾರಾಳ ಸಾಕು,” ಎಂದು ಗೊಣಗುತ್ತ ಕಣ್ಣು ಮುಚ್ಚಿದಳು. ವ್ಯಾನು ಸ್ಟೂಲುಗಳನ್ನು ತುಂಬಿಕೊಂಡು ಹೋಯಿತು. ಒಂದನ್ನು ಮಾತ್ರ ಮಗಳು ಕೊಡಲಿಲ್ಲ, ಆಮೇಲೆ ತಂದುಕೊಡ್ತೀನಿ ಅಂದಳು. ಇಪ್ಪತ್ತನಾಲ್ಕು.

ಲಿಫ್ಟ್ ಮೆಕ್ಯಾನಿಕ್ ಆರು ಗಂಟೆಯ ಬಸ್ಸಿಗೆ ಹೊರಟು ಬಾಗಿಲಲ್ಲಿ ನಿಂತಿದ್ದ.

“ಐದು ನಿಮಿಷ ಇರಿ,” ಎಂದು ಅವಳು ಕೋಣೆಯಿಂದ ಹಳೆಯ ಲ್ಯಾಪ್‌ಟಾಪನ್ನು ತಂದಳು. ಖಾಲಿಯಾದ ನಡುಮನೆಯಲ್ಲಿ ಆ ಸ್ಟೂಲಿನ ಮೇಲೆ ಕೂತು, ಬಾಕಿ ಇದ್ದ ಪರೀಕ್ಷೆಯನ್ನು ಬರೆಯತೊಡಗಿದಳು. ಮೂರು ಸಾಲು. ಮೊದಲನೆಯ ಸಾಲಿನಲ್ಲೇ ಒಂದು ಬ್ರಾಕೆಟ್, ಮುಚ್ಚಲಿಲ್ಲ.

ಅವನು ಬಂದು ಹಿಂದೆ ನಿಂತ. ಪರದೆಯ ಗಾಜಿನಲ್ಲಿ ಅವನ ಭುಜಗಳು ಕಂಡವು, ಕೈಗಳು ಕಾಣಲಿಲ್ಲ. ಅವಳು ತಿರುಗಿ ನೋಡಿದಳು. ಆ ದೊಡ್ಡ ಕೈಗಳು ಬೆನ್ನ ಹಿಂದೆ ಕಟ್ಟಿದ್ದವು.

“ಅದು ಯಾರು ಹೇಳಿಕೊಟ್ಟಿದ್ದು?”

“ಅವರೇ. ಬೇರೆಯವರದ್ದು ನೋಡುವಾಗ ಕೈ ಹಿಂದೆ ಕಟ್ಟಿಕೋ ಅಂತ ಒಂದ್ಸಲ ಬರೆದಿದ್ರು. ಸುಮ್ನೆ ಮಾತಿಗೆ ಅಂದಿದ್ರೋ ಏನೋ. ನಾನು ನಿಜವಾಗ್ಲೂ ಕಟ್ಟಿಕೊಳ್ತೀನಿ.”

ಅವಳು ಮುಂದಕ್ಕೆ ತಿರುಗಿ ಪರೀಕ್ಷೆಯನ್ನು ಓಡಿಸಿದಳು.

“ಏನು ಹೇಳ್ತಿದೆ?” ಎಂದ ಅವನು. “ಓದಿ.”

“ಕೊನೆಯ ಸಾಲಿನಲ್ಲಿ ತಪ್ಪು. ಮುಚ್ಚದ ಬ್ರಾಕೆಟ್ ತೆರೆದದ್ದು... ಮೊದಲನೆಯ ಸಾಲಿನಲ್ಲಿ.”

ಅವಳು ಆ ಸಾಲನ್ನು ಇನ್ನೊಮ್ಮೆ ಓದಿದಳು.

“ಕಳಿಸೋ ಮುಂಚೆ ಮೆಷಿನ್ನಿನೊಳಗಿನ ಹೆಸರು ಬದಲಾಯಿಸಬೇಕಲ್ಲ,” ಎಂದ ಅವನು ಮೆಲ್ಲಗೆ. “ಒಂದೇ ಸಾಲು.”

ಅವಳು ಬದಲಾಯಿಸಲಿಲ್ಲ. ಕಳಿಸಿದಳು.

“ಒಪ್ಪಿಗೆ ಹಾಕೋ ಅಧಿಕಾರ ನಂಗೂ ಇದೆ. ಹಾಕ್ಲಾ?”

“ಈಗ್ಲೇ ಬೇಡ,” ಎಂದಳು. “ಮೊದ್ಲು ಏನಾದ್ರೂ ಕೇಳಿ.”

ಅವನು ಕೈ ಬಿಚ್ಚದೆ, ಪರದೆಯ ಕಡೆ ಬಾಗಿ, ಯೋಚಿಸತೊಡಗಿದ. ಅವಳು ಹೊಸ ತಿದ್ದುಪಡಿಯನ್ನು ಬಿಡಿಸಿದಳು.

ಬರೆದವರು: ಕಡ್ಡಿ.
ಸೇರಿಸಿದವರು: ಕೀಲಿ. ಇಂದು, ಸಂಜೆ ಐದು ಹತ್ತಕ್ಕೆ.